ತಪ್ಪು ಯಾರ ತಲೆಗೆ? ನಾಲ್ಕು ಸಿನಿಮಾ ನೋಡಿ ಹೋಲಿಸಿದ್ದು

ನಮ್ಮ ನೆಂಟರಲ್ಲೊಬ್ಬಳ ಗಂಡನಿಗೆ ಬೇರೆ ಸಂಬಂಧವಿತ್ತು. ವಿಷಯ ಹೊರಬಿದ್ದ ದಿನ ಮನೆಯಲ್ಲಿ ಸೇರಿದ ಹಿರಿಯರು ಮೊದಲು ಬೈದದ್ದು ಆ ಇನ್ನೊಬ್ಬಳನ್ನು. ಮನೆಹಾಳಿ ಅಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, 'ನೀನೇ ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಅಂದರು. ಅವನಿಗೆ ಯಾರೂ ಏನೂ ಅನ್ನಲಿಲ್ಲ. ಅವನು ಹಾಲ್‌ನಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಅವನ ಕೈಯಲ್ಲಿದ್ದ ಆ ಸ್ಟೀಲ್ ಲೋಟ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇಂಥದ್ದೇ ಕಥೆ ಹೇಳುವ ಸಿನಿಮಾಗಳು ತಪ್ಪನ್ನು ಯಾರ ತಲೆಗೆ ಕಟ್ಟುತ್ತವೆ ಅಂತ ನೋಡಬೇಕು ಅನ್ನಿಸಿತು. ಅವರೆಕಾಯಿ ಕಾಲದಲ್ಲಿ ನಾಲ್ಕು ಭಾನುವಾರ ಅಮ್ಮನ ಜೊತೆ ಕೂತು ನಾಲ್ಕು ಸಿನಿಮಾ ನೋಡಿದೆ. ಎರಡರಲ್ಲಿ ದಾರಿ ಬಿಡುವವನು ಗಂಡ: 1983ರ 'ಮಾಸೂಮ್', 1982ರ 'ಅರ್ಥ್'. ಇನ್ನೆರಡರಲ್ಲಿ ಹೆಂಡತಿ: 1973ರ ನಮ್ಮ 'ಎಡಕಲ್ಲು ಗುಡ್ಡದ ಮೇಲೆ', 2000ದ 'ಅಸ್ತಿತ್ವ'. ಕೊನೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ತಪ್ಪಿನ ಲೆಕ್ಕ ಇತ್ಯರ್ಥ ಆಗುವುದೇ ಅಲ್ಲಿ.

ಮೊದಲ ವಾರ ಶೇಖರ್ ಕಪೂರ್ ಅವರ 'ಮಾಸೂಮ್'. ಗಂಡ ಡಿ.ಕೆ., ಹೆಂಡತಿ ಇಂದು (ಶಬಾನಾ ಆಜ್ಮಿ) ದೆಹಲಿಯಲ್ಲಿ ಇಬ್ಬರು ಹೆಣ್ಣುಮಕ್ಕಳ ಜೊತೆ ನೆಮ್ಮದಿಯಾಗಿದ್ದಾರೆ. ಹಿಂದೆ ಯಾವತ್ತೋ ನೈನಿತಾಲ್‌ನಲ್ಲಿ ಆಗಿದ್ದ ಸಂಬಂಧದಿಂದ ತನಗೊಬ್ಬ ಮಗನಿದ್ದಾನೆ ಅಂತ ಡಿ.ಕೆ.ಗೆ ಈಗ ಗೊತ್ತಾಗುತ್ತದೆ. ತಾಯಿ ತೀರಿಹೋಗಿದ್ದಾಳೆ, ಹುಡುಗ ರಾಹುಲ್‌ಗೆ ಬೇರೆ ದಿಕ್ಕಿಲ್ಲ. ಅವನು ಈ ಮನೆಗೆ ಬರುತ್ತಾನೆ. ಇಂದುಗೆ ಅವನ ಮುಖ ನೋಡಲು ಆಗುವುದಿಲ್ಲ.

ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಮಾಡಿದ ಸಿನಿಮಾ! ಆದರೆ ಅದು ಒಳಗೊಳಗೇ ಮಾಡುವ ಒಂದು ಕೆಲಸ ನನಗೆ ಈ ಸಲ ಕಂಡಿತು. ಅಮ್ಮ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದಳು. ಶುರುವಿನಲ್ಲಿ 'ಎಂಥ ಗಂಡಸಪ್ಪ ಇವನು' ಅಂದಳು. ಅರ್ಧ ಕಳೆಯುವ ಹೊತ್ತಿಗೆ 'ಪಾಪ, ಆ ಮಗು ಏನು ಮಾಡಿತ್ತು, ಇವಳಿಗೆ ಸ್ವಲ್ಪ ಕರುಣೆ ಬೇಡವಾ' ಅನ್ನತೊಡಗಿದಳು. ನನಗೂ ಹಾಗೇ ಅನ್ನಿಸುತ್ತಿತ್ತು. ತಪ್ಪು ಮಾಡಿದವನು ಡಿ.ಕೆ. ಆದರೆ ಹುಡುಗನ ಕಣ್ಣು ನೋಡುತ್ತಾ ನೋಡುತ್ತಾ ನಮ್ಮ ಸಿಟ್ಟು ಇಂದು ಮೇಲೆ ತಿರುಗಿರುತ್ತದೆ. ಇನ್ನೊಬ್ಬಳನ್ನು ಕೇಳೋಣವೆಂದರೆ ಅವಳು ಬದುಕಿಲ್ಲ. ಕೊನೆಗೆ ಇಂದುವೇ ಹುಡುಗನನ್ನು ಮನೆಗೆ ಕರೆದುಕೊಳ್ಳುತ್ತಾಳೆ. ಆ ಕ್ಷಣದಲ್ಲಿ ನಾನು ಅತ್ತೆ. ಆದರೂ ಹೇಳುತ್ತೇನೆ, ಮನೆ ಉಳಿಸುವ ಭಾರವನ್ನೆಲ್ಲ ಮನೆ ಮುರಿಯದವಳೇ ಹೊತ್ತಳು.

'ಎಡಕಲ್ಲು ಗುಡ್ಡದ ಮೇಲೆ' ಪೂರ್ತಿ ಬೇರೆ ದಾರಿ. ಭಾರತೀಸುತರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಮಾಧವಿಯಾಗಿ ಜಯಂತಿ. ಗಂಡ ಸೈನ್ಯದಲ್ಲಿದ್ದು ಗಾಯಗೊಂಡವನು, ದೇಹದ ಸುಖ ಆ ದಾಂಪತ್ಯದಲ್ಲಿ ಉಳಿದಿಲ್ಲ. ಅವಳು ತನಗಿಂತ ಚಿಕ್ಕವನಾದ ನಂಜುಂಡನ ಕಡೆ ಸೆಳೆಯಲ್ಪಡುತ್ತಾಳೆ. ಇಲ್ಲಿ ಗಂಡನೂ ಕೆಟ್ಟವನಲ್ಲ, ಅವಳೂ ಕೆಟ್ಟವಳಲ್ಲ. 'ವಿರಹಾ ನೂರು ನೂರು ತರಹ' ಹಾಡಿನಲ್ಲಿ ಜಯಂತಿಯ ಮುಖವನ್ನು ನೋಡಿ. ಹೆಣ್ಣಿಗೂ ಬಯಕೆ ಇರುತ್ತದೆ ಅಂತ 50 ವರ್ಷದ ಹಿಂದೆ ಕನ್ನಡ ಸಿನಿಮಾ ಇಷ್ಟು ಬಾಯಿಬಿಟ್ಟು ಹೇಳಿದೆಯಲ್ಲ ಅಂತ ಹೆಮ್ಮೆಯಾಗುತ್ತದೆ. ಆದರೆ ಕೊನೆಗೆ ಅವಳಿಗೆ ಸಿಗುವುದು ಸಾವು. ಇಡೀ ಸಿನಿಮಾ ಅವಳ ನೋವನ್ನು ಅರ್ಥ ಮಾಡಿಸಿ, ಕಡೆಗೆ ಅವಳಿಂದಲೇ ದಂಡ ಕಟ್ಟಿಸಿತಲ್ಲ ಅಂತ ನನಗೆ ಸಂಕಟವಾಯಿತು. ಮಾಸೂಮ್‌ನ ಡಿ.ಕೆ.ಗೆ ಹೆಂಡತಿ ಮಕ್ಕಳ ಜೊತೆ ಮಗನೂ ಸಿಕ್ಕ. ಮಾಧವಿಗೆ ಬದುಕೇ ಇಲ್ಲ. ಗಂಡಸಾದರೆ ಕೆಸರು ಕಂಡಲ್ಲಿ ತುಳಿದು ನೀರು ಕಂಡಲ್ಲಿ ತೊಳೆದುಕೊಳ್ಳುತ್ತಾನೆ ಅಂತಾರಲ್ಲ, ಆ ಮಾತು ಈ ಎರಡು ಸಿನಿಮಾ ಪಕ್ಕಪಕ್ಕ ಇಟ್ಟಾಗ ನಿಜವಾಗಿ ಚುಚ್ಚಿತು.

'ಅಸ್ತಿತ್ವ' ಆ ದಂಡವನ್ನು ಕಟ್ಟಲು ಒಪ್ಪುವುದಿಲ್ಲ. ಮಹೇಶ್ ಮಾಂಜ್ರೇಕರ್ ಇದನ್ನು ಹಿಂದಿ, ಮರಾಠಿ ಎರಡರಲ್ಲೂ ಮಾಡಿದರು. ಅದಿತಿಗೆ ಹಿಂದೆ ಸಂಗೀತ ಕಲಿಸಿದವನು ಸಾಯುವಾಗ ಆಸ್ತಿಯನ್ನು ಅವಳ ಹೆಸರಿಗೆ ಬರೆದಿರುತ್ತಾನೆ. ಗಂಡನಿಗೆ ಅನುಮಾನ. ಹಳೆಯ ಡೈರಿ ತೆಗೆದು ತಾನು ಯಾವಾಗ ಊರಲ್ಲಿದ್ದೆ, ಯಾವಾಗ ಇರಲಿಲ್ಲ ಅಂತ ಲೆಕ್ಕ ಹಾಕುತ್ತಾನೆ. ಮಗ ತನ್ನವನಲ್ಲ ಅಂತ ತಿಳಿಯುತ್ತದೆ. ತಾನು ಹೊರಗೆ ಬೇರೆ ಹೆಂಗಸರ ಜೊತೆ ಇದ್ದದ್ದು ಮಾತ್ರ ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಅದಿತಿ ಅದನ್ನು ಎಲ್ಲರ ಎದುರು ಎತ್ತುತ್ತಾಳೆ, ಮನೆ ಬಿಟ್ಟು ಹೊರಡುತ್ತಾಳೆ. ತಬು ಚೆನ್ನಾಗಿ ಮಾಡಿದ್ದಾರೆ. ಆದರೆ ಮಾತು ಜಾಸ್ತಿ. ವಾದ ಸರಿ ಇದ್ದರೂ ಎಲ್ಲವೂ ಭಾಷಣದಲ್ಲೇ ಮುಗಿದುಹೋಗುತ್ತದೆ.

ಕೊನೆಯ ಭಾನುವಾರ ಮಹೇಶ್ ಭಟ್ ಅವರ 'ಅರ್ಥ್'. ಇಲ್ಲೂ ಹೆಂಡತಿ ಶಬಾನಾ ಆಜ್ಮಿಯೇ. ಮಾಸೂಮ್‌ಗೆ ಒಂದು ವರ್ಷ ಮೊದಲು ಬಂದ ಸಿನಿಮಾ. ಪೂಜಾ ಅನಾಥೆಯಾಗಿ ಬೆಳೆದವಳು, ಸ್ವಂತ ಮನೆ ಅವಳ ದೊಡ್ಡ ಆಸೆ. ಗಂಡ ಇಂದರ್ ಹೊಸ ಮನೆಯ ಬೀಗದ ಕೈ ಕೊಡುತ್ತಾನೆ. ಅವಳ ಸಂತೋಷ ನೋಡಬೇಕು ನೀವು. ಆಮೇಲೆ ಅವನು ನಟಿ ಕವಿತಾಳಿಗಾಗಿ ಬಿಟ್ಟು ಹೋಗುತ್ತಾನೆ.

ಪೂಜಾ ಮೊದಲು ನಮ್ಮ ಹಿರಿಯರ ಹಾಗೇ ಮಾಡುತ್ತಾಳೆ. ಕುಡಿದು ಪಾರ್ಟಿಯಲ್ಲಿ ಕವಿತಾಳನ್ನೇ ಬೈಯುತ್ತಾಳೆ. ಆದರೆ ಸಿನಿಮಾ ಅಲ್ಲಿಗೆ ನಿಲ್ಲುವುದಿಲ್ಲ. ಸ್ಮಿತಾ ಪಾಟೀಲ್ ಮಾಡಿದ ಆ ಕವಿತಾಳಿಗೆ ಒಳಗೇ ಭಯ. ಪೂಜಾಳ ಮಾಂಗಲ್ಯದ ಮಣಿಗಳು ತನ್ನ ಕಾಲಿಗೆ ಚುಚ್ಚುತ್ತಿವೆ ಅನ್ನಿಸುತ್ತದೆ ಅವಳಿಗೆ. ಇಬ್ಬರೂ ಎದುರುಬದುರು ಕೂರುವ ಹೊತ್ತಿಗೆ ದ್ವೇಷ ಉಳಿದಿರುವುದಿಲ್ಲ. ಪಕ್ಕದಲ್ಲೇ ಮನೆಗೆಲಸದವಳ ಕಥೆ. ಮಗಳ ಶಾಲೆ ಫೀಸಿಗೆ ಕೂಡಿಟ್ಟ ದುಡ್ಡನ್ನು ಅವಳ ಗಂಡ ಇನ್ನೊಬ್ಬಳಿಗಾಗಿ ಖರ್ಚು ಮಾಡುತ್ತಾನೆ. ಬಂಗಲೆಯಾದರೂ ಗುಡಿಸಲಾದರೂ ಮನೆಯಲ್ಲಿದ್ದವರದ್ದನ್ನು ಎತ್ತಿಕೊಂಡು ಹೋದವನು ಗಂಡನೇ ಅಲ್ವಾ?

ಕವಿತಾ ಹೊರಗೆ ಕಳಿಸಿದ ಮೇಲೆ ಇಂದರ್ ವಾಪಸ್ ಬರುತ್ತಾನೆ. ಪೂಜಾ ಒಂದೇ ಪ್ರಶ್ನೆ ಕೇಳುತ್ತಾಳೆ. ನೀನು ಮಾಡಿದ್ದನ್ನು ನಾನು ಮಾಡಿ ಬಂದಿದ್ದರೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದೆಯಾ? ಅವನು ಇಲ್ಲ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಅಮ್ಮನ ಕೈ ನಿಂತಿತ್ತು. ಮೊರದಲ್ಲಿ ಕಾಯಿ ಹಾಗೇ ಬಿದ್ದಿತ್ತು. ತುಂಬಾ ಹೊತ್ತಾದ ಮೇಲೆ, 'ಅವತ್ತು ನಾನೂ ಅವಳಿಗೆ ಹೊಂದಿಕೊಂಡು ಹೋಗು ಅಂದಿದ್ದೆ ಕಣೇ' ಅಂದಳು. ಆ ನೆಂಟರವಳ ಬಗ್ಗೆ ಹೇಳಿದ್ದು ಅದು. ನಾನು ಏನೂ ಹೇಳಲಿಲ್ಲ.

ನಾಲ್ಕರಲ್ಲಿ ನನ್ನ ಆಯ್ಕೆ ಅರ್ಥ್. ಅದರಲ್ಲೂ ನನಗೆ ಒಂದು ತಕರಾರಿದೆ. ಕವಿತಾಳ ಮನಸ್ಸು ಪೂರ್ತಿ ಚೂರಾಗುತ್ತದೆ, ಇಂದರ್‌ಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ಆದರೂ ಅವನ ಪಾಲಿನ ತಪ್ಪನ್ನು ಅವನ ಬಾಯಿಂದಲೇ ಹೊರಡಿಸಿದ್ದು ಇದೊಂದೇ ಸಿನಿಮಾ.

ಎರಡೇ ನೋಡಲು ಪುರುಸೊತ್ತಿದ್ದರೆ ಮೊದಲು ಮಾಸೂಮ್ ನೋಡಿ, ಮಾರನೇ ದಿನ ಅರ್ಥ್. ಹಿಂದುಮುಂದಾದರೆ ಬೇಡ. ಇಂದು ಮೇಲೆ ನಿಮಗೆ ಒಂದು ಸಲವಾದರೂ ಸಿಟ್ಟು ಬಂದಿರಬೇಕು, ಆಮೇಲೆ ಪೂಜಾಳ ಆ ಪ್ರಶ್ನೆ ಕಿವಿಗೆ ಬೀಳಬೇಕು.