ಮುಂದಿನ ಚಕ್ರಕ್ಕೆ ಮಾತ್ರ ಡಿಸ್ಕ್: ಚೌಬಾರಾ ಬಳಿಯ ಒಂದು ಸೈಕಲ್ ಅಂಗಡಿ

ಬೀದರಿನಿಂದ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಮಳೆಗಾಲದಲ್ಲಿ ಸೈಕಲ್ ಹೊಡೆದವರಿಗೆ ನನ್ನ ಸಂಕಟ ಗೊತ್ತಿರುತ್ತದೆ. ನನ್ನ ಶಾಲೆ ಆ ಕಡೆಯೇ ಇದೆ. ವಾರಕ್ಕೆ ಆರು ದಿನ ಆ ಇಳಿಜಾರು ತಪ್ಪುವುದಿಲ್ಲ. ಕೆಂಪು ಮಣ್ಣಿನ ರಾಡಿ ರಿಮ್‌ಗೆ ಮೆತ್ತಿಕೊಂಡರೆ ಬ್ರೇಕ್ ರಬ್ಬರ್ ಮೊದಲು ಅದನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಚಕ್ರ ಎರಡು ಸುತ್ತು ಉರುಳಿರುತ್ತದೆ. ಕಳೆದ ಜುಲೈಯಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂದಾಗ ಕಾಲೂರಿ ನಿಲ್ಲಿಸಿದೆ. ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು.

ರಿಮ್ ಬದಲು ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಹಾಕಿಸಲು ಹೊರಟೆ. ಮೊದಲು ಹೋದ ಅಂಗಡಿಯವರು ಹಿಂದಿನ ಫ್ರೇಮಿಗೆ ಪಟ್ಟಿ ವೆಲ್ಡ್ ಮಾಡಿ ಎರಡೂ ಕಡೆ ಡಿಸ್ಕ್ ಕೂರಿಸುತ್ತೇವೆಂದರು. ಮನಸ್ಸು ಒಪ್ಪಲಿಲ್ಲ. ಬೀದರಿನ ಹಳೆಯ ಗೋಪುರ ಚೌಬಾರಾ ಬಳಿಯ ಸೈಕಲ್ ಅಂಗಡಿಯ ಚಾಚಾ ನನ್ನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ನೋಡಿದವರೇ, "ಹಿಂದೆ ಬೇಡ ಮಾಸ್ತರರೇ. ಅಲ್ಯೂಮಿನಿಯಂ ಫ್ರೇಮ್ ಇದು, ವೆಲ್ಡಿಂಗ್ ಶಾಖಕ್ಕೆ ಅದರ ಬಲ ಹೋಗುತ್ತದೆ. ಮುಂದೆ ಮಾತ್ರ ಹಾಕೋಣ, ಅದೂ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬದಲಿಸಿ" ಎಂದರು. ಬರುವ ಹಣವನ್ನು ಬಿಟ್ಟು ಬೇಡವೆಂದ ಆ ಮಾತಿಗೇ ನಾನು ಅವರ ಕೈಗೆ ಸೈಕಲ್ ಕೊಟ್ಟೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಹಿಂದಿನದು ಹಗುರಾಗಿ ಜಾರುತ್ತದೆ.

ಡಿಸ್ಕ್ ಕೂರುವ ಫೋರ್ಕ್‌ಗೆ 2,200 ರೂಪಾಯಿ, ನಡುವೆ ಡಿಸ್ಕ್ ಕೂರುವ ಹಬ್ ಇರುವ 26 ಇಂಚಿನ ಚಕ್ರಕ್ಕೆ 1,500, ಕೇಬಲ್‌ನಿಂದ ನಡೆದು ತಟ್ಟೆಯನ್ನು ಅಮುಕುವ ಕ್ಯಾಲಿಪರ್ ಮತ್ತು 160 ಮಿಲಿಮೀಟರ್ ತಟ್ಟೆಗೆ 950, ಕೂಲಿ 350. ರಿಮ್ ಹಿಡಿಯುತ್ತಿದ್ದ ವಿ-ಬ್ರೇಕಿನ ಹಳೆಯ ಹಿಡಿಕೆ ಎಳೆಯುವಷ್ಟೇ ಕೇಬಲ್ ಈ ಕ್ಯಾಲಿಪರ್‌ಗೂ ಬೇಕಾದ್ದರಿಂದ ಆ ಹಿಡಿಕೆ ಹಾಗೆಯೇ ಉಳಿಯಿತು.

ಕೆಲಸ ಶುರುವಾದ ದಿನ, ಅದು ಮುಗಿಯುವವರೆಗೂ ನಾನು ಅಲ್ಲೇ ಸ್ಟೂಲ್ ಮೇಲೆ ಕುಳಿತಿದ್ದೆ. ಹಳೆಯ ಫೋರ್ಕಿನ ಕೊಳವೆಯನ್ನು ಹೊಸದರ ಪಕ್ಕ ಇಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು, ಹೊಸದನ್ನು ಗರಗಸದಿಂದ ಕತ್ತರಿಸಿದರು. ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ನನಗೆ ಹಿಡಿಕೆ ಒತ್ತಿ ಹಿಡಿಯಲು ಹೇಳಿ, ಹಾಗೆಯೇ ಬಿಗಿದರು. ಆಮೇಲೆ ಹಿಂದುಗಡೆ ಬಿಳಿ ಕಾಗದ ಹಿಡಿದು, ತಟ್ಟೆಯ ಎರಡೂ ಬದಿಗೆ ಕೂದಲೆಳೆಯಷ್ಟು ಬೆಳಕು ಕಾಣುವವರೆಗೆ ತಿರುಪು ತಿರುಗಿಸಿದರು. ಎಣ್ಣೆಯ ಕೈಯಿಂದ ತಟ್ಟೆ ಮುಟ್ಟಲು ಹೋದ ಹುಡುಗನನ್ನು ಗದರಿ, ಸ್ಪಿರಿಟ್ ಬಟ್ಟೆಯಿಂದ ತಾವೇ ಒರೆಸಿದರು.

ಮೊದಲ ದಿನ ಬ್ರೇಕ್ ಹಿಡಿಯಲೇ ಇಲ್ಲ. ತಟ್ಟೆಗೆ ಒತ್ತುವ ಹೊಸ ಪ್ಯಾಡ್ ಪಳಗಬೇಕು, ವೇಗವಾಗಿ ಹೋಗಿ ಇನ್ನೇನು ನಿಲ್ಲುವಷ್ಟು ಹಿಡಿದು ಬಿಡಬೇಕು, ಹೀಗೆ ಇಪ್ಪತ್ತು ಬಾರಿ ಎಂದು ಚಾಚಾ ಮೊದಲೇ ಹೇಳಿದ್ದರು. ಕೋಟೆಯ ಹತ್ತಿರದ ಖಾಲಿ ರಸ್ತೆಯಲ್ಲಿ ಅದನ್ನು ಮಾಡಿದೆ. ಹದಿನಾಲ್ಕನೆಯದೋ ಹದಿನೈದನೆಯದೋ ಬಾರಿಗೆ ಹಿಡಿತ ಬಂತು. ಈಗ ಎಂಥ ಮಳೆಯಲ್ಲೂ ಎರಡು ಬೆರಳು ಸಾಕು.

ಕೊರತೆಯೂ ಇದೆ. ಒಂದು ದಿನದ ಕೆಲಸವೆಂದು ಹೇಳಿ, ಫೋರ್ಕ್ ಹೈದರಾಬಾದಿನಿಂದ ಬರಬೇಕೆಂದು ನಾಲ್ಕು ದಿನ ಕಾಯಿಸಿದರು. ಬಿಲ್ ಕೊಡಲಿಲ್ಲ. ಸೈಕಲ್ಲಿನ ಮೂತಿ ಹಿಂದಿಗಿಂತ ಒಂದಿಷ್ಟು ಭಾರವಾಗಿದೆ, ಅಷ್ಟೂರಿನಿಂದ ಮೇಲೇರುವಾಗ ತೊಡೆಗೆ ತಿಳಿಯುತ್ತದೆ.

ಹಾಕಿಸುವವರು ಒಂದನ್ನು ಮಾತ್ರ ನೆನಪಿಡಿ: ಡಿಸ್ಕ್ ಹಿಡಿದಾಗ ಮುಂದಿನ ಅಚ್ಚು ಫೋರ್ಕಿನಿಂದ ಕೆಳಗೆ ಜಾರಲು ನೋಡುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಅಚ್ಚಿನ ಬಿಗಿ ನೋಡಿಕೊಂಡೇ ಹತ್ತಿರಿ.