ವಿಮಾನ ಹಾರದೇ ಇದ್ದರೆ ಟಿಕೆಟ್ ದುಡ್ಡು ಯಾರನ್ನ ಕೇಳೋದು? ಕಾರ್ಡ್, ಯುಪಿಐ, ಏಜೆಂಟ್, ಆ್ಯಪ್, ವಿಮೆ: ಒಂದು ಹೋಲಿಕೆ

ನಮ್ಮ ಮನೆಯಲ್ಲಿ ಯಾರಿಗೆ ವಿಮಾನದ ಟಿಕೆಟ್ ಬೇಕಾದರೂ ಬುಕ್ ಮಾಡುವ ಕೆಲಸ ನನ್ನದು. ತಮ್ಮ ದುಬೈನಲ್ಲಿದ್ದಾನೆ. ಅಕ್ಕನ ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅತ್ತೆ ಮಾವನಿಗೆ ಕಾಶಿ, ಅಯೋಧ್ಯೆ ಅಂತ ಹೊರಡುವ ಉಮೇದು ಜಾಸ್ತಿ. ಹಾಗಾಗಿ ಟಿಕೆಟ್ ಕೊಳ್ಳುವ ಎಲ್ಲ ದಾರಿಗಳನ್ನೂ ಬಳಸಿ ನೋಡಿದ್ದೇನೆ. ಎಲ್ಲ ಸರಿ ಇದ್ದಾಗ ಯಾವ ದಾರಿಯಾದರೂ ಒಂದೇ. ವಿಮಾನ ಹಾರದೇ ಇದ್ದಾಗ ಮಾತ್ರ ಅವುಗಳ ಬಣ್ಣ ಗೊತ್ತಾಗುತ್ತದೆ.

ಹಾರದೇ ಇರುವುದರಲ್ಲೂ ಎರಡು ಬಗೆ ಇದೆ. ಮುಷ್ಕರವಾದರೆ ಕಂಪನಿ ಬದುಕಿರುತ್ತದೆ, ಇವತ್ತಲ್ಲ ನಾಳೆ ದುಡ್ಡು ಕೊಡುತ್ತದೆ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಒಟ್ಟಿಗೆ ಹುಷಾರಿಲ್ಲ ಅಂತ ರಜೆ ಹಾಕಿದರಲ್ಲ, ಆಗ ಗಲ್ಫ್ ಕಡೆಯ ಎಷ್ಟೋ ವಿಮಾನ ರದ್ದಾದವು. ಕೆಲವೇ ದಿನಗಳಲ್ಲಿ ಮಾತುಕತೆ ಮುಗಿದು ಮತ್ತೆ ಹಾರಾಟ ಶುರುವಾಯಿತು.

ಕಂಪನಿಯೇ ಮುಚ್ಚಿಹೋದರೆ ಕಥೆ ಬೇರೆ. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಗೋ ಫಸ್ಟ್ 2023ರ ಮೇ 2ರಂದು ತಾನೇ ದಿವಾಳಿ ಅರ್ಜಿ ಹಾಕಿಕೊಂಡು ಮರುದಿನದಿಂದಲೇ ನೆಲಕ್ಕಿಳಿಯಿತು. ನಮ್ಮ ಬಳ್ಳಾರಿ ಕಡೆಯ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ, ಸಣ್ಣ ಊರುಗಳಿಗೂ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆಯಲ್ಲಿ 2017ರಲ್ಲಿ ಹಾರಾಟ ಶುರು ಮಾಡಿದ ಟ್ರೂಜೆಟ್ ಕೂಡ 2022ರ ಆರಂಭದಲ್ಲಿ ನಿಂತುಹೋಯಿತು.

ಮುಚ್ಚಿದ ಕಂಪನಿಯಿಂದ ದುಡ್ಡು ಬರುವುದು ಯಾಕೆ ಕಷ್ಟ ಅಂದರೆ, ನಾವು ಮುಂಗಡ ಕೊಟ್ಟ ಟಿಕೆಟ್ ದುಡ್ಡು ಕಾನೂನಿನ ಕಣ್ಣಲ್ಲಿ ಅಡಮಾನವಿಲ್ಲದ ಸಾಲ. ಚೀಟಿ ನಡೆಸುವವರು ಊರು ಬಿಟ್ಟಾಗ ಚೀಟಿ ಕಟ್ಟಿದವರ ಪಾಡು ಏನೋ ಅದೇ ಇದು. ದಿವಾಳಿ ಕಾನೂನಿನ 53ನೇ ಸೆಕ್ಷನ್‌ನಲ್ಲಿ ಯಾರಿಗೆ ಮೊದಲು, ಯಾರಿಗೆ ಆಮೇಲೆ ಅಂತ ಸಾಲು ಹಾಕಿದ್ದಾರೆ. ದಿವಾಳಿ ಪ್ರಕ್ರಿಯೆಯ ಖರ್ಚು, ಕಾರ್ಮಿಕರ ಬಾಕಿ, ಅಡಮಾನ ಇಟ್ಟುಕೊಂಡ ಬ್ಯಾಂಕ್‌ಗಳು, ಉಳಿದ ನೌಕರರು, ಸರ್ಕಾರ, ಇವರೆಲ್ಲರ ಹಿಂದೆ ನಿಲ್ಲುವವರು ನಾವು. ಅಷ್ಟು ಹಿಂದೆ ಬರುವಷ್ಟರಲ್ಲಿ ಪಾತ್ರೆಯಲ್ಲಿ ಏನೂ ಇರುವುದಿಲ್ಲ. ಜೆಟ್ ನಿಂತಿದ್ದು 2019ರಲ್ಲಿ, ಆಸ್ತಿ ಮಾರಿ ಲೆಕ್ಕ ಮುಗಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್‌ನಲ್ಲಿ. ಗೋ ಫಸ್ಟ್‌ಗೆ ಅಂಥದೇ ಆದೇಶ ಬಂದಿದ್ದು 2025ರ ಜನವರಿಯಲ್ಲಿ.

ಈಗ ಹೋಲಿಕೆಗೆ ಬರೋಣ.

ಕ್ರೆಡಿಟ್ ಕಾರ್ಡ್ ಮತ್ತು ಯುಪಿಐ ನಡುವಿನ ವ್ಯತ್ಯಾಸ ನನಗೆ ಒಂದೇ ವಿಮಾನದಲ್ಲಿ ಕಾಣಿಸಿತು. ಬೆಂಗಳೂರಿನಿಂದ ದೆಹಲಿಗೆ ಮದುವೆಗೆ ಹೊರಟಿದ್ದೆವು. ನಮ್ಮ ಮನೆಯವರ ಟಿಕೆಟ್ ನಾನು ಕಾರ್ಡ್‌ನಲ್ಲಿ ಕಂಪನಿಯ ವೆಬ್‌ಸೈಟ್‌ನಲ್ಲೇ ತೆಗೆದೆ. ಭಾವ ತಮ್ಮದನ್ನು ಅದೇ ಸೈಟ್‌ನಲ್ಲಿ ಯುಪಿಐನಲ್ಲಿ ತೆಗೆದರು. ಕಾರ್ಡ್‌ಗೆ ಕನ್ವೀನಿಯನ್ಸ್ ಫೀ ಜಾಸ್ತಿ, "ಸುಮ್ನೆ ಯಾಕೆ ದಂಡ" ಅಂತ ಅವರ ವಾದ. ಕಂಪನಿಯ ಹೆಸರು ಬೇಡ, ಪ್ರಯಾಣಕ್ಕೆ ಮುಂಚೆಯೇ ಹಾರಾಟ ನಿಲ್ಲಿಸಿತು.

ನಾನು ಬ್ಯಾಂಕ್‌ಗೆ ಡಿಸ್ಪ್ಯೂಟ್ ಹಾಕಿದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅಂತಾರೆ. ದುಡ್ಡು ತೆಗೆದುಕೊಂಡು ಸೇವೆ ಕೊಟ್ಟಿಲ್ಲ ಅಂತ ನಾವು ನಮ್ಮ ಬ್ಯಾಂಕ್‌ಗೆ ಹೇಳಬೇಕು. ನಮ್ಮ ಬ್ಯಾಂಕ್ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮೂಲಕ ವಿಮಾನ ಕಂಪನಿಯ ಬ್ಯಾಂಕ್‌ನಿಂದ ವಸೂಲು ಮಾಡುತ್ತದೆ. ಕಂಪನಿಯ ಹತ್ತಿರ ದುಡ್ಡು ಇದೆಯೋ ಇಲ್ಲವೋ, ಅದರ ಬ್ಯಾಂಕ್ ಕೊಡಲೇಬೇಕಾಗುತ್ತದೆ. ಇಡೀ ವ್ಯವಸ್ಥೆಯ ಗುಟ್ಟು ಇದೇ. ದಿವಾಳಿಯ ಉದ್ದನೆಯ ಸಾಲಿನಲ್ಲಿ ನಾವು ನಿಲ್ಲಬೇಕಾಗಿಲ್ಲ, ನಮ್ಮ ಬದಲು ಆ ಬ್ಯಾಂಕ್ ನಿಲ್ಲುತ್ತದೆ. ನಾನು ಕೊಟ್ಟಿದ್ದು ಟಿಕೆಟ್, ಹಾರಾಟ ರದ್ದು ಅಂತ ಬಂದ ಇಮೇಲ್, ರೀಫಂಡ್ ಕೇಳಿ ಬರೆದ ಪತ್ರ. ಬ್ಯಾಂಕ್‌ನವರು ಒಮ್ಮೆ ವಾಪಸ್ ಕಳಿಸಿದರು, ಮತ್ತೆ ಹಾಕಿದೆ, ಬಂತು.

ಭಾವನ ಯುಪಿಐ ಆ್ಯಪ್‌ನಲ್ಲೂ ದೂರು ಹಾಕುವ ಜಾಗ ಇತ್ತು. "ವಹಿವಾಟು ಯಶಸ್ವಿಯಾಗಿದೆ, ವ್ಯಾಪಾರಿಯನ್ನು ಸಂಪರ್ಕಿಸಿ" ಅಂತ ಉತ್ತರ ಬಂತು. ಆ ವ್ಯಾಪಾರಿಯ ಫೋನೇ ಎತ್ತುವವರಿಲ್ಲ! ಕೊನೆಗೆ ರೆಸಲ್ಯೂಷನ್ ಪ್ರೊಫೆಷನಲ್‌ಗೆ, ಅಂದರೆ ದಿವಾಳಿ ಕಂಪನಿಯನ್ನು ನೋಡಿಕೊಳ್ಳಲು ನೇಮಕವಾದವರಿಗೆ, ಕ್ಲೇಮ್ ಫಾರಂ ತುಂಬಿ ಕಳಿಸಿದರು. ಅದು ಪಟ್ಟಿಯಲ್ಲಿದೆ ಅಂತ ಅವರ ನಂಬಿಕೆ.

ಕಾರ್ಡ್‌ನಲ್ಲಿ ಕೊಂಡವರು ಗಡುವು ಮರೆಯಬೇಡಿ. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರಯಾಣದ ದಿನದಿಂದ 120 ದಿನ. "ಕಂಪನಿ ಮತ್ತೆ ಶುರುವಾಗುತ್ತಂತೆ, ಕಾಯೋಣ" ಅಂತ ಕೂತರೆ ಈ ಗಡುವು ದಾಟಿಹೋಗುತ್ತದೆ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ, ಖರ್ಚಿಲ್ಲದೆ ದೂರು ಕೊಡಬಹುದು. ಇನ್ನೊಂದು, ಡೆಬಿಟ್ ಕಾರ್ಡ್‌ಗೂ ಚಾರ್ಜ್‌ಬ್ಯಾಕ್ ಇದೆ. ಬ್ಯಾಂಕ್ ಶಾಖೆಯ ಸಿಬ್ಬಂದಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ, ಅಷ್ಟೇ.

ಊರಿನ ಏಜೆಂಟ್ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಬಳ್ಳಾರಿಯ ರಾಯಲ್ ಸರ್ಕಲ್ ಕಡೆ ನಮಗೆ ಪರಿಚಯದ ಒಬ್ಬರಿದ್ದಾರೆ. ತಮ್ಮನ ದುಬೈ ವಿಮಾನ ಸಿಬ್ಬಂದಿ ಗಲಾಟೆಯಿಂದ ರದ್ದಾದಾಗ ಕಂಪನಿಯ ಕಾಲ್ ಸೆಂಟರ್ ಹಾಡು ಹಾಡುತ್ತಲೇ ಇತ್ತು. ಏಜೆಂಟ್‌ಗೆ ರಾತ್ರಿ ಫೋನ್ ಮಾಡಿದೆ. "ಅಣ್ಣಾ, ನೀವು ಮಲಗಿ, ಬೆಳಗ್ಗೆಗೆ ಬೇರೆ ಸೀಟ್ ಹಾಕಿಸ್ತೀನಿ" ಅಂದರು, ಹಾಕಿಸಿದರು. ತಮ್ಮನ ಕೆಲಸ ಉಳಿಯಿತು. ಇಂಥ ಸಹಾಯ ಯಾವ ಆ್ಯಪ್ ಮಾಡುತ್ತದೆ ಹೇಳಿ? ಮುಷ್ಕರಕ್ಕೆ ಏಜೆಂಟ್‌ನಂಥ ಮದ್ದು ಇಲ್ಲ.

ಆದರೆ ಕಂಪನಿ ಮುಳುಗಿದರೆ ಏಜೆಂಟ್ ಕೂಡ ನಮ್ಮ ಜೊತೆಗೇ ಮುಳುಗುತ್ತಾರೆ. ನಾವು ಅವರಿಗೆ ಕೊಡುವುದು ನಗದು ಅಥವಾ ಫೋನ್‌ಪೇ. ಅವರು ತಮ್ಮ ವ್ಯಾಲೆಟ್‌ನಿಂದ ಕಂಪನಿಗೆ ಕಟ್ಟುತ್ತಾರೆ. ಕಾರ್ಡ್ ಇಲ್ಲ, ಚಾರ್ಜ್‌ಬ್ಯಾಕ್ ಇಲ್ಲ. ಕಂಪನಿ ಚೆನ್ನಾಗಿದ್ದಾಗಲೂ ಈ ದಾರಿ ನಿಧಾನ. ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮ ಕಾರ್ಡ್‌ನಲ್ಲಿ ಕೊಂಡ ಟಿಕೆಟ್‌ನ ರೀಫಂಡ್‌ಗೆ 7 ದಿನ ಕೊಟ್ಟಿದೆ, ಏಜೆಂಟ್ ಮೂಲಕ ಕೊಂಡಿದ್ದಕ್ಕೆ ಅದಕ್ಕಿಂತ ಬಹಳ ಹೆಚ್ಚು ದಿನ. ಹಾಗಾಗಿ ನಾನು ಈಗ ಏಜೆಂಟ್‌ಗೆ ಒಂದು ಮಾತು ಹೇಳುತ್ತೇನೆ. ಟಿಕೆಟ್ ನೀವೇ ಮಾಡಿ, ನಿಮ್ಮ ಚಾರ್ಜ್ ತಗೊಳ್ಳಿ, ಪೇಮೆಂಟ್ ಪುಟದಲ್ಲಿ ಮಾತ್ರ ನನ್ನ ಕಾರ್ಡ್ ಹಾಕ್ತೀನಿ. ಒಪ್ಪುತ್ತಾರೆ, ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡು.

ದೊಡ್ಡ ಬುಕಿಂಗ್ ಆ್ಯಪ್‌ಗಳಲ್ಲಿ "ಝೀರೋ ಕ್ಯಾನ್ಸಲೇಶನ್" ಅಂತ ಒಂದು ಆಯ್ಕೆ ಬರುತ್ತದೆ. ಕೆಲವು ನೂರು ರೂಪಾಯಿ ಜಾಸ್ತಿ ಕೊಟ್ಟರೆ ನಾವೇ ರದ್ದು ಮಾಡಿದರೂ ದುಡ್ಡು ವಾಪಸ್. ಹೆಸರು ಕೇಳಿದರೆ ಎಲ್ಲದಕ್ಕೂ ರಕ್ಷಣೆ ಅನ್ನಿಸುತ್ತದೆ. ಹಾಗಲ್ಲ. ಕಂಪನಿ ನಿಂತುಹೋದ ಮೇಲೆ ಕೇಳಿದರೆ "ಏರ್‌ಲೈನ್‌ನಿಂದ ರೀಫಂಡ್ ಬಂದ ಮೇಲೆ ಕೊಡುತ್ತೇವೆ" ಅನ್ನುವ ಉತ್ತರವೇ ಬರುವುದು. ಆದರೆ ಇದಕ್ಕೆ ಬೇರೆ ಒಂದು ಉಪಯೋಗ ಇದೆ, ಅದನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ. ಕಂಪನಿ ಬದುಕಿರುವಾಗಲೇ ಹೊರಗೆ ಬರಬಹುದು.

ವಿಮಾನ ಕಂಪನಿ ರಾತ್ರೋರಾತ್ರಿ ಸಾಯುವುದು ಕಡಿಮೆ. ಮೊದಲು ಪೈಲಟ್‌ಗಳ ಸಂಬಳ ತಡವಾಗುತ್ತದೆ. ಬಾಡಿಗೆಗೆ ಕೊಟ್ಟವರು ವಿಮಾನ ವಾಪಸ್ ಕೇಳುತ್ತಾರೆ. ಎಣ್ಣೆ ಕಂಪನಿಗಳು ನಗದು ಕೊಟ್ಟರಷ್ಟೇ ಇಂಧನ ಅನ್ನುತ್ತವೆ. ಕಿಂಗ್‌ಫಿಷರ್, ಜೆಟ್ ಎರಡರ ಈ ಕಥೆಯೂ ತಿಂಗಳುಗಟ್ಟಲೆ ಪೇಪರ್‌ನಲ್ಲಿ ಬಂದಿತ್ತು. ಮಾವನವರ ಕಾಶಿ ಟಿಕೆಟ್ ತೆಗೆದ ಮೇಲೆ ಇಂಥದೇ ಸುದ್ದಿಗಳು ಒಂದು ಕಂಪನಿಯ ಬಗ್ಗೆ ಬರತೊಡಗಿದವು. ಝೀರೋ ಕ್ಯಾನ್ಸಲೇಶನ್ ಇತ್ತು, ರದ್ದು ಮಾಡಿದೆ, ಬೇರೆ ಕಂಪನಿಯಲ್ಲಿ ತೆಗೆದೆ. ಆ ಕಂಪನಿ ಇವತ್ತಿಗೂ ಹಾರುತ್ತಿದೆ, ಅದು ಬೇರೆ ಮಾತು. ಮಾವ ಇನ್ನೂ ಅದನ್ನು ಹೇಳಿ ನಗುತ್ತಾರೆ.

ಸಂಕಟದಲ್ಲಿರುವ ಕಂಪನಿ ದುಡ್ಡಿನ ಬದಲು ವೋಚರ್ ಅಥವಾ ಕ್ರೆಡಿಟ್ ಶೆಲ್ (ಮುಂದೆ ಅದೇ ಕಂಪನಿಯ ಟಿಕೆಟ್‌ಗೆ ಬಳಸಲು ಇಟ್ಟುಕೊಳ್ಳುವ ಜಮೆ) ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದು ಅದೇ ಕಂಪನಿಗೆ ಎರಡನೇ ಸಲ ಕೊಟ್ಟ ಸಾಲ. ಕೊರೋನಾ ಲಾಕ್‌ಡೌನ್ ಸಮಯದಲ್ಲಿ ಎಲ್ಲ ಕಂಪನಿಗಳೂ ಇದನ್ನೇ ಮುಂದೆ ಮಾಡಿದ್ದವು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2020ರ ಅಕ್ಟೋಬರ್ 1ರಂದು ಆದೇಶ ಬಂದ ಮೇಲೆ ಜನರ ದುಡ್ಡಿಗೆ ಒಂದು ದಾರಿ ಆಯಿತು.

ಇನ್ನು ಪ್ರಯಾಣ ವಿಮೆ. ಟಿಕೆಟ್ ಜೊತೆ ಒಂದು ಟಿಕ್ ಹಾಕಿದರೆ ಸಿಗುವ ಅಗ್ಗದ ವಿಮೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರಲ್ಲಿ ಲಗೇಜು, ಅಪಘಾತ, ತಡ ಇಂಥವೇ ಮುಖ್ಯ. ವಿದೇಶಕ್ಕೆ ತೆಗೆಯುವ ದೊಡ್ಡ ಪಾಲಿಸಿಗಳನ್ನು ಕೂತು ಓದಿದೆ. ಪ್ರವಾಸ ರದ್ದತಿಗೆ ಯಾವ್ಯಾವ ಕಾರಣ ಒಪ್ಪುತ್ತಾರೆ ಅಂತ ಪಟ್ಟಿ ಇರುತ್ತದೆ. ನಾನು ಓದಿದವುಗಳಲ್ಲಿ ಮುಷ್ಕರ ಇತ್ತು, ಆದರೆ ಪಾಲಿಸಿ ಕೊಳ್ಳುವಾಗ ಮುಷ್ಕರದ ಸುದ್ದಿ ಬಂದಿರಬಾರದು. ಟಿವಿಯಲ್ಲಿ ನೋಡಿ ಆಮೇಲೆ ಕೊಂಡರೆ ಸಿಗುವುದಿಲ್ಲ. ಕಂಪನಿ ದಿವಾಳಿಯಾದರೆ? ಒಂದರಲ್ಲಿ ಅದನ್ನು ಬಿಟ್ಟಿದ್ದೇವೆ ಅಂತ ಸ್ಪಷ್ಟವಾಗಿ ಬರೆದಿತ್ತು, ಉಳಿದವುಗಳಲ್ಲಿ ಆ ಮಾತೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ ಅಂತಲೇ ಅರ್ಥ. ಕ್ರೆಡಿಟ್ ಕಾರ್ಡ್ ಎಲ್ಲಿ ಗೆಲ್ಲುತ್ತದೋ ಅಲ್ಲಿ ವಿಮೆ ಸೋಲುತ್ತದೆ. ಮುಷ್ಕರದಿಂದ ಹೋಟೆಲ್ ಬುಕಿಂಗ್, ಮುಂದಿನ ರೈಲು ಎಲ್ಲ ಹಾಳಾದರೆ ಮಾತ್ರ ವಿಮೆ ಬೇಕು.

ಮುಷ್ಕರದ ಪರಿಹಾರದಲ್ಲಿ ನಮ್ಮ ನಿಯಮಕ್ಕೂ ಯುರೋಪಿನ ನಿಯಮಕ್ಕೂ ಆಕಾಶ ಭೂಮಿ ವ್ಯತ್ಯಾಸ. ಇಲ್ಲಿ ಸರಿಯಾಗಿ ಮುಂಚೆ ತಿಳಿಸದೆ ವಿಮಾನ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ 5,000, 7,500 ಅಥವಾ 10,000 ರೂಪಾಯಿವರೆಗೆ ಪರಿಹಾರ ಅಂತ ಇದೆ. ಆದರೆ ಮುಷ್ಕರವನ್ನು ಕಂಪನಿಯ ಕೈಮೀರಿದ ಕಾರಣಗಳ ಪಟ್ಟಿಗೆ ಸೇರಿಸಿದ್ದಾರೆ. ಟಿಕೆಟ್ ದುಡ್ಡು ವಾಪಸ್ ಬರುತ್ತದೆ, ಪರಿಹಾರ ಬರುವುದಿಲ್ಲ. ಯುರೋಪಿನಲ್ಲಿ 261/2004 ಅನ್ನುವ ನಿಯಮ ಇದೆ. ಕಂಪನಿಯ ಸ್ವಂತ ನೌಕರರು ಸಂಬಳಕ್ಕಾಗಿ ಮುಷ್ಕರ ಮಾಡಿದರೆ ಅದು ಕೈಮೀರಿದ ಕಾರಣ ಅಲ್ಲ ಅಂತ ಅಲ್ಲಿನ ನ್ಯಾಯಾಲಯ 2021ರಲ್ಲಿ ಹೇಳಿತು. ದೂರದ ಹಾರಾಟಕ್ಕೆ 600 ಯೂರೋ. ಅಕ್ಕನ ಮಗಳು ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಟಾಗ ಮುಷ್ಕರವಾಗಿ ವಿಮಾನ ರದ್ದಾಯಿತು. ಮರುದಿನ ಬೇರೆ ವಿಮಾನ ಹತ್ತಿಸಿದರು. ಅವಳು ಊರಿಗೆ ಬಂದು ಅರ್ಜಿ ಹಾಕಿದಳು, ನಾವು ಯಾರೂ ನಂಬಿರಲಿಲ್ಲ, ದುಡ್ಡು ಅವಳ ಅಕೌಂಟ್‌ಗೆ ಬಂತು.

ಇದರಿಂದ ಟಿಕೆಟ್ ಆರಿಸುವುದರಲ್ಲೂ ಒಂದು ಹೋಲಿಕೆ ಹುಟ್ಟುತ್ತದೆ. ಯುರೋಪಿನಿಂದ ಹೊರಡುವ ಯಾವ ಕಂಪನಿಯ ವಿಮಾನಕ್ಕಾದರೂ ಈ ನಿಯಮ ಅನ್ವಯಿಸುತ್ತದೆ. ಇಲ್ಲಿಂದ ಅಲ್ಲಿಗೆ ಹೋಗುವಾಗ ಮಾತ್ರ ಕಂಪನಿ ಯುರೋಪಿನದೇ ಆಗಿರಬೇಕು. ಗಲ್ಫ್ ಕಂಪನಿಯಲ್ಲಿ ಟಿಕೆಟ್ ಅಗ್ಗ, ಹೋಗುವಾಗ ಈ ರಕ್ಷಣೆ ಇಲ್ಲ. ಆ ವ್ಯತ್ಯಾಸ ಸ್ವಲ್ಪವೇ ಆಗಿದ್ದರೆ ನಾನು ಯುರೋಪಿನ ಕಂಪನಿಯನ್ನೇ ಹಿಡಿಯುತ್ತೇನೆ.

ಇಷ್ಟು ಹೇಳಿದ ಮೇಲೂ ಬಳ್ಳಾರಿಯವರಿಗೆ ಒಂದು ನಷ್ಟ ಉಳಿಯುತ್ತದೆ. ಅದನ್ನು ಮೇಲಿನ ಯಾವುದೂ ಪೂರ್ತಿ ತುಂಬುವುದಿಲ್ಲ. ಬೆಂಗಳೂರು ನಮಗೆ 300 ಕಿಲೋಮೀಟರ್ ದೂರ. ಬೆಳಗ್ಗೆಯ ವಿಮಾನಕ್ಕೆ ಹಿಂದಿನ ದಿನವೇ ಹೊರಡುತ್ತೇವೆ. ಚಳ್ಳಕೆರೆ ದಾಟಿದ ಮೇಲೆ ರದ್ದು ಅಂತ ಮೆಸೇಜ್ ಬಂದರೆ ಟಿಕೆಟ್ ದುಡ್ಡು ವಾಪಸ್ ಬಂದೇ ಬರುತ್ತದೆ, ಆದರೆ ಆ ಹೊತ್ತಿಗೆ ಬೇರೆ ಕಂಪನಿಯ ಟಿಕೆಟ್ ಎರಡು ಮೂರು ಪಟ್ಟು ಆಗಿರುತ್ತದೆ. ಒಂದು ಕಂಪನಿ ನಿಂತರೆ ಅದರ ಪ್ರಯಾಣಿಕರೆಲ್ಲ ಉಳಿದ ಕಂಪನಿಗಳ ಸೀಟಿಗೆ ಮುಗಿಬೀಳುತ್ತಾರೆ, ದರ ಏರದೆ ಏನಾಗುತ್ತದೆ?

ಉತ್ತರ ಭಾರತದ ಕಡೆ ತಪ್ಪಿಸಲಾಗದ ಕೆಲಸವಿದ್ದರೆ ನಾನು ಗುಂತಕಲ್‌ನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದು ಟಿಕೆಟ್ ಮಾಡಿ ಇಟ್ಟಿರುತ್ತೇನೆ. ಈಗ ರೈಲು ಬುಕಿಂಗ್ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಮುಂಚೆಯೇ ರದ್ದು ಮಾಡಿದರೆ ಕಳೆದುಕೊಳ್ಳುವುದು ಸ್ವಲ್ಪ. ನನ್ನ ಮಟ್ಟಿಗೆ ಇದು ವಿಮೆಗಿಂತ ಅಗ್ಗದ ವಿಮೆ. ವಿದೇಶಕ್ಕೆ ಈ ಉಪಾಯ ನಡೆಯುವುದಿಲ್ಲ ಬಿಡಿ.

ವಿದ್ಯಾನಗರದಿಂದ ಸಣ್ಣ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ದೊಡ್ಡ ವಿಮಾನ ಹಿಡಿಯುವ ಆಸೆ ನಮ್ಮ ಕಡೆ ಎಲ್ಲರಿಗೂ ಇದೆ. ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಹೋಗಿ, ಮೊದಲನೆಯದು ಕೈಕೊಟ್ಟರೆ ಮುಂದಿನದನ್ನು ಅವರೇ ಸರಿಮಾಡಬೇಕು. ಬೇರೆ ಬೇರೆ ಟಿಕೆಟ್ ಆದರೆ ದೊಡ್ಡ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ ಅಷ್ಟೇ, ಆ ದುಡ್ಡಿಗೆ ಚಾರ್ಜ್‌ಬ್ಯಾಕ್ ಕೂಡ ಇಲ್ಲ, ಯಾಕೆಂದರೆ ಅವರ ವಿಮಾನ ಹಾರಿದೆ. ತಮ್ಮ ದುಬೈಗೆ ವಾಪಸ್ ಹೋಗುವಾಗ ನಾನು ಅವನನ್ನು ಹಂಪಿ ಎಕ್ಸ್‌ಪ್ರೆಸ್‌ಗೇ ಹತ್ತಿಸುವುದು, ಅದೂ ವಿಮಾನದ ಹಿಂದಿನ ರಾತ್ರಿಗಲ್ಲ, ಅದರ ಹಿಂದಿನ ರಾತ್ರಿಗೆ. ಒಂದು ದಿನ ಬೆಂಗಳೂರಿನಲ್ಲಿ ಸುಮ್ನೆ ಕೂರಬೇಕು ಅಂತ ಅವನು ಪ್ರತಿ ಸಲ ಗೊಣಗುತ್ತಾನೆ.