ದೇವರಾಜ ಮಾರುಕಟ್ಟೆಯಲ್ಲಿ ಒಂದು ಪುಟ್ಟ ಕೈ: ಹನ್ನೊಂದು ಬುಧವಾರಗಳ ಅನುಭವ

ಹನ್ನೊಂದು ಬುಧವಾರಗಳಿಂದ ನನ್ನ ಮೊಮ್ಮಗಳನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವಳಿಗೆ ಈಗ ಎರಡು ವರ್ಷ ಏಳು ತಿಂಗಳು. ಅಲ್ಲಿನ ತರಕಾರಿಯ ದರ, ಹೂವಿನ ತಾಜಾತನ ಕುರಿತು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಬೇರೆ. ಕಂಡದ್ದನ್ನೆಲ್ಲ ಮುಟ್ಟುವ ವಯಸ್ಸಿನ ಮಗುವಿಗೆ ಯಾವುದನ್ನು ಮುಟ್ಟಬಾರದು, ಮುಟ್ಟಬಹುದಾದದ್ದನ್ನು ಹೇಗೆ ಮುಟ್ಟಬೇಕು ಎಂದು ಕಲಿಸಲು ಈ ಜಾಗ ಹೇಗಿದೆ ಎಂಬುದಷ್ಟೇ ನನ್ನ ವಿಷಯ. ಬಹಳ ಚೆನ್ನಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡು ಕಡೆ ಮಾತ್ರ ಮಗುವನ್ನು ಎತ್ತಿಕೊಂಡೇ ದಾಟಬೇಕು. ಅದನ್ನು ಮುಂದೆ ವಿವರವಾಗಿ ಬರೆದಿದ್ದೇನೆ, ದಯವಿಟ್ಟು ಓದಿ.

ಇದು ಶುರುವಾದದ್ದು ಒಂದು ಉಡುಗೊರೆ ಅಂಗಡಿಯಿಂದ. ಅಂಗಡಿಯ ಹೆಸರು ಬೇಡ. ಸಂಬಂಧಿಕರ ಗೃಹಪ್ರವೇಶಕ್ಕೆ ಏನಾದರೂ ಕೊಳ್ಳೋಣವೆಂದು ನಾನು, ಸೊಸೆ, ಮಗು ಹೋಗಿದ್ದೆವು. ಗಾಜಿನ ಬೊಂಬೆಗಳ ಸಾಲು ಮಗುವಿನ ಎದೆಯೆತ್ತರಕ್ಕಿತ್ತು. ‘ಮುಟ್ಟಬೇಡಿ’ ಎಂಬ ಫಲಕ ನನ್ನ ತಲೆಯ ಎತ್ತರಕ್ಕಿತ್ತು. ಬಲಗೈಯಲ್ಲಿ ಹಿಡಿದ ಆನೆ ಜಾರಿ ಬಿದ್ದಾಗ ಅಂಗಡಿಯವರು ಗದರಿದರು, ಸೊಸೆ ಗಾಬರಿಯಲ್ಲಿ ಮಗುವಿನ ಕೈಗೆ ಹೊಡೆದಳು, ನಾನು 640 ರೂಪಾಯಿ ಕೊಟ್ಟು ಹೊರಬಂದೆ. ಹಣದ ಮಾತು ಬಿಡಿ. ಅಂದು ರಾತ್ರಿ ಮಗು ಹಾಲಿನ ಲೋಟವನ್ನು ಹಿಡಿಯಲಿಲ್ಲ. ಎರಡೂ ಮುಷ್ಟಿಗಳನ್ನು ಎದೆಗೆ ಒತ್ತಿಕೊಂಡು, ಅಜ್ಜಿಯೇ ಕುಡಿಸಲಿ ಎಂದು ಬಾಯಿ ತೆರೆದು ನಿಂತಳು. ಮಾರನೆಯ ದಿನವೂ ಹಾಗೆಯೇ. ನನಗೆ ಆ ದೃಶ್ಯವನ್ನು ಸಹಿಸಲಾಗಲಿಲ್ಲ.

ನಾನು ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ 31 ವರ್ಷ ಫಿಟ್ಟರ್ ಆಗಿದ್ದವನು. ಕೊನೆಯ 9 ವರ್ಷ ಅಪ್ರೆಂಟಿಸ್ ಹುಡುಗರನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ತಿರುಗುವ ಯಂತ್ರದ ಮುಂದೆ ಹದಿನೆಂಟರ ಹುಡುಗನನ್ನು ನಿಲ್ಲಿಸಿ ‘ಅಲ್ಲಿ ಕೈ ಹಾಕಬೇಡ’ ಎಂದರೆ ಅವನ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಕಣ್ಣಿನ ಹಿಂದೆಯೇ ಕೈ. ನನಗೆ ಕೆಲಸ ಕಲಿಸಿದ ಹಿರಿಯರು ಎಂದೂ ಹಾಗೆ ಹೇಳುತ್ತಿರಲಿಲ್ಲ. ‘ಎಡಗೈ ಈ ಹಿಡಿಯ ಮೇಲೆ, ಬಲಗೈ ಆ ಚಕ್ರದ ಮೇಲೆ, ಕಾಲು ಇಲ್ಲಿ’ ಎನ್ನುತ್ತಿದ್ದರು. ಎರಡು ಕೈಗೂ ಜಾಗ ಗೊತ್ತಾದ ಮೇಲೆ ಮೂರನೆಯ ಕಡೆಗೆ ಹೋಗಲು ಕೈ ಉಳಿಯುವುದಿಲ್ಲ. ಮಕ್ಕಳ ವೈದ್ಯರು ಹೇಳಿದ ಮಾತೂ ಇದಕ್ಕೆ ಹೊಂದಿತು. ಎರಡು ಮೂರು ವರ್ಷದ ಮಗುವಿಗೆ ‘ಬೇಡ’ ಎಂಬ ಮಾತು ಅರ್ಥವಾದರೂ ಚಾಚಿದ ಕೈಯನ್ನು ತಾನೇ ತಡೆದುಕೊಳ್ಳುವ ಶಕ್ತಿ ಇನ್ನೂ ಬಲಿತಿರುವುದಿಲ್ಲ, ಆ ಕೆಲಸ ನೋಡಿಕೊಳ್ಳುವ ಮೆದುಳಿನ ಮುಂಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತು ದಾಟಬೇಕು ಎಂದರು. ಹಾಗಿದ್ದರೆ ತಡೆಯನ್ನು ಕೇಳುವ ಬದಲು ಕೈಗೆ ಕೆಲಸ ಕೊಡೋಣ ಎಂದು ನಿರ್ಧರಿಸಿದೆ.

ಮನೆಯಲ್ಲಿಯೇ ಮೂರು ಮಾತು ಕಲಿಸಿದೆ. ‘ಬೆನ್ನ ಕೈ’ ಎಂದರೆ ಎರಡೂ ಕೈ ಬೆನ್ನ ಹಿಂದೆ, ಕಣ್ಣಿನಿಂದ ಮಾತ್ರ ನೋಡುವುದು. ‘ಒಂದು ಬೆರಳು’ ಎಂದರೆ ತೋರುಬೆರಳಿನ ತುದಿಯಿಂದ ಮೆಲ್ಲನೆ ಸವರುವುದು. ಒಂದೇ ಬೆರಳಿನಿಂದ ಏನನ್ನೂ ಹಿಡಿಯಲಾಗದು, ಹಿಚುಕಲಾಗದು, ಎಳೆಯಲಾಗದು. ಅದರಲ್ಲಿಯೇ ಇದರ ಗುಟ್ಟಿದೆ. ‘ಎರಡು ಕೈ’ ಎಂದರೆ ತಟ್ಟೆಯಂತೆ ಅಂಗೈ ಜೋಡಿಸಿ ಹಿಡಿದುಕೊಳ್ಳುವುದು. ಒಂದು ವಾರ ಅಡುಗೆಮನೆಯಲ್ಲಿ ಈರುಳ್ಳಿ, ಲೋಟ, ಅಜ್ಜಿಯ ಕನ್ನಡಕ ಇಟ್ಟುಕೊಂಡು ಆಟವಾಡಿದೆವು. ಲೋಟ ಹಿಡಿಯುವ ಧೈರ್ಯ ಮರಳಿದ್ದು ಆ ವಾರದಲ್ಲಿಯೇ.

ಸೂಪರ್ ಮಾರುಕಟ್ಟೆಗೆ ಏಕೆ ಹೋಗಲಿಲ್ಲ ಎಂದು ಮಗ ಕೇಳಿದ. ಅಲ್ಲಿ ಎಲ್ಲವೂ ಪೊಟ್ಟಣದೊಳಗಿದೆ. ಮುಟ್ಟಿದರೆ ಏನಾಗುತ್ತದೆ ಎಂಬುದು ಮಗುವಿಗೆ ಕಾಣುವುದಿಲ್ಲ. ಹಣ ಕೊಡುವ ಜಾಗದಲ್ಲಿ ಚಾಕೊಲೇಟುಗಳನ್ನು ಮಗುವಿನ ಕೈಗೆ ಸಿಗುವಂತೆ ಜೋಡಿಸಿರುತ್ತಾರೆ, ಕೈ ಚಾಚಲಿ ಎಂದೇ. ಹಾಗೆ ಜೋಡಿಸಿಟ್ಟು ‘ಮುಟ್ಟಬೇಡ’ ಎನ್ನುವುದು ಮಗುವಿಗೆ ಮಾಡುವ ಅನ್ಯಾಯ. ದೇವರಾಜ ಮಾರುಕಟ್ಟೆಯಲ್ಲಿ ಪ್ರತಿ ರಾಶಿಯ ಹಿಂದೆ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಈ ಬದನೆಕಾಯಿ ಯಾರದು ಎಂದು ಮಗು ಕೇಳಿದರೆ ಬೆರಳು ತೋರಿಸಿ ‘ಅವರದು’ ಎನ್ನಬಹುದು. ಕೇಳಿ ಮುಟ್ಟುವುದು ಎಂದರೆ ಏನೆಂದು ಕಲಿಸಲು ಕೇಳಬೇಕಾದವರು ಎದುರಿಗೇ ಇರಬೇಕು.

ಸಿಟಿ ಬಸ್ ನಿಲ್ದಾಣದಲ್ಲಿ ಇಳಿದು ನಾವು ಮೊದಲು ನಿಲ್ಲುವುದು ಚಿಕ್ಕ ಗಡಿಯಾರದ ಬುಡದಲ್ಲಿ. 1886ರಲ್ಲಿ ಮೈಸೂರಿಗೆ ಬಂದಿದ್ದ ವೈಸರಾಯ್ ಡಫರಿನ್ ನೆನಪಿನ ಗೋಪುರ ಅದು. ನಮಗೆ ಅದು ಪಾಠ ಒಪ್ಪಿಸುವ ಜಾಗ. ಬೆನ್ನ ಕೈ, ಒಂದು ಬೆರಳು, ಎರಡು ಕೈ, ಮೂರನ್ನೂ ಒಮ್ಮೆ ಮಾಡಿ ತೋರಿಸಿ, ಬಟ್ಟೆಯ ಪುಟ್ಟ ಚೀಲವನ್ನು ಭುಜಕ್ಕೆ ಹಾಕಿಕೊಂಡು ಒಳಗೆ ಹೋಗುತ್ತಾಳೆ. ಚೀಲ ಅವಳದೇ ಆಗಿರಬೇಕು. ನಿಂಬೆಹಣ್ಣು ನಾಲ್ಕು ಹಾಕಿಕೊಳ್ಳುವ ಕೆಲಸ ಇರುವ ಕೈ ಟೊಮೆಟೊ ರಾಶಿಯ ಕಡೆ ಹೋಗುವುದು ಕಡಿಮೆ.

ಬಾಳೆಹಣ್ಣಿನ ಸಾಲು ಮೊದಲ ಪಾಠಕ್ಕೆ ಒಳ್ಳೆಯದು. ಪಚ್ಚಬಾಳೆ, ಏಲಕ್ಕಿ ಬಾಳೆ, ಸಿಕ್ಕಿದರೆ ನಂಜನಗೂಡು ರಸಬಾಳೆ. ಪನಾಮಾ ರೋಗ ತಗುಲಿ ಬೆಳೆ ಕುಗ್ಗಿದ ಮೇಲೆ ರಸಬಾಳೆ ಅಪರೂಪವಾಗಿದೆ, ಕಂಡ ದಿನ ಎರಡಾದರೂ ಕೊಳ್ಳದೆ ಬರುವುದಿಲ್ಲ. ಎರಡನೆಯ ಬುಧವಾರ ಮಗು ಹಣ್ಣೊಂದನ್ನು ಹೆಬ್ಬೆರಳಿನಿಂದ ಒತ್ತಿಬಿಟ್ಟಳು. ಮಾರುವವರು ಗದರಲಿಲ್ಲ. ಒತ್ತಿದ ಹಣ್ಣನ್ನು ಕಿತ್ತು ಪಕ್ಕಕ್ಕಿಟ್ಟು, ‘ನೋಡವ್ವ, ನಾಳೆ ಬೆಳಿಗ್ಗೆ ಇಲ್ಲಿ ಕಪ್ಪಾಗಿರುತ್ತದೆ’ ಎಂದರು. ಆ ಹಣ್ಣನ್ನು ನಾನು ಕೊಂಡು ಮನೆಯಲ್ಲಿ ಕಿಟಕಿಯ ಮೇಲೆ ಇಟ್ಟೆ. ಬೆಳಿಗ್ಗೆ ಹೆಬ್ಬೆರಳಿನ ಅಗಲಕ್ಕೆ ಕಪ್ಪಾಗಿತ್ತು. ಅವಳು ಅದರ ಮೇಲೆ ಒಂದು ಬೆರಳಿಟ್ಟು ‘ಹಣ್ಣಿಗೆ ನೋವು’ ಎಂದಳು. ಮುಂದಿನ ವಾರ ಗೊನೆಗಳ ಮುಂದೆ ನಾನು ಹೇಳುವ ಮುನ್ನವೇ ಒಂದು ಬೆರಳು ಹೊರಬಂತು. ಗೊನೆ ಕೊಯ್ಯುವ ಕುಡುಗೋಲು ಕಟ್ಟೆಯ ಮೇಲೆಯೇ ಇರುತ್ತದೆ ಎಂಬುದನ್ನು ದೊಡ್ಡವರು ಮರೆಯಬಾರದು. ಹೊಳೆಯುವ ಕಬ್ಬಿಣ ಎಲ್ಲೇ ಕಂಡರೂ ಬೆನ್ನ ಕೈ, ಅದರಲ್ಲಿ ರಿಯಾಯಿತಿ ಇಲ್ಲ.

ಹೂವಿನ ಸಾಲಿನಲ್ಲಿ ನನಗೇ ಹೊಸ ತೊಡಕು ಎದುರಾಯಿತು. ಮಲ್ಲಿಗೆಯ ದಂಡೆಯನ್ನು ಮಗು ಮೂಗಿಗೆ ಹಿಡಿಯಲು ಹೋದಳು. ದೇವರಿಗೆ ಮುಡಿಸುವ ಹೂವನ್ನು ಮೂಸಬಾರದು ಎಂಬುದು ನಮ್ಮೆಲ್ಲರ ಮನೆಯ ಮಾತು. ಒಂದು ಬೆರಳಿನಿಂದ ಮುಟ್ಟಬಹುದು, ಆದರೆ ಮೂಗಿನಿಂದ ಮುಟ್ಟಬಾರದು ಎಂದು ಎರಡೂವರೆ ವರ್ಷದವಳಿಗೆ ಹೇಗೆ ಹೇಳುವುದು? ಹೂ ಕಟ್ಟುತ್ತಿದ್ದ ತಾಯಿ ದಾರಿ ತೋರಿಸಿದರು. ಕಟ್ಟುವಾಗ ಉದುರಿದ ನಾಲ್ಕು ಬಿಡಿ ಮೊಗ್ಗುಗಳನ್ನು ಅವಳ ಅಂಗೈಗೆ ಹಾಕಿ ‘ಇದು ನಿನ್ನದು ಕಂದಾ, ಇದನ್ನು ಮೂಸು. ದಂಡೆ ದೇವರದು’ ಎಂದರು. ನಿನ್ನದು, ದೇವರದು, ಅವರದು. ಈ ಮೂರು ಪದಗಳು ನನ್ನ ಪಾಠದಲ್ಲಿ ಇರಲಿಲ್ಲ. ಅವರು ಸೇರಿಸಿಕೊಟ್ಟರು. ಈಗ ಪ್ರತಿ ವಾರ ಅವರ ಬಳಿಯೇ ಒಂದು ಮೊಳ ಕೊಳ್ಳುತ್ತೇವೆ. ಹಣವನ್ನು ಮಗುವಿನ ಕೈಯಿಂದಲೇ ಕೊಡಿಸುತ್ತೇನೆ. ಅವರದಾಗಿದ್ದದ್ದು ನಮ್ಮದಾಗುವ ಗಳಿಗೆ ಅವಳ ಕಣ್ಣಿಗೆ ಕಾಣಬೇಕು.

ಕುಂಕುಮದ ಅಂಗಡಿಗಳ ಬಗ್ಗೆ ಪ್ರವಾಸಿಗರು ತೆಗೆದ ಫೋಟೋಗಳನ್ನು ಎಲ್ಲರೂ ನೋಡಿದ್ದೀರಿ. ತಟ್ಟೆಗಳಲ್ಲಿ ಗೋಪುರದಂತೆ ಏರಿಸಿದ ಕೆಂಪು, ಹಳದಿ, ನೀಲಿ, ಹಸಿರು ಪುಡಿ. ದೊಡ್ಡವನಾದ ನನಗೇ ಕೈಯಿಡಬೇಕು ಎನಿಸುತ್ತದೆ. ಅವಳು ಮೊದಲ ದಿನವೇ ಇಟ್ಟಳು, ಮಣಿಕಟ್ಟಿನವರೆಗೆ. ಕೆಂಪು ಗೋಪುರದ ಅರ್ಧ ಕುಸಿಯಿತು. ‘ಬಿಡಿ ಯಜಮಾನರೇ, ಮಗು’ ಎಂದು ಅಂಗಡಿಯವರು ನಕ್ಕರು, ಹಣ ಬೇಡವೆಂದರು. ನಾನು ಒಪ್ಪಲಿಲ್ಲ, ನೂರು ಗ್ರಾಂ ಕಟ್ಟಿಸಿಕೊಂಡೆ. ಆಮೇಲೆ ಅವರು ಕುಸಿದದ್ದನ್ನು ರಟ್ಟಿನ ತುಂಡಿನಿಂದ ಮತ್ತೆ ಒತ್ತಿ ಒತ್ತಿ ಏರಿಸುವುದನ್ನು ಮುಗಿಯುವವರೆಗೂ ನಿಂತು ನೋಡಿದೆವು. ಅದು ಎಷ್ಟು ಹೊತ್ತಿನ ಕೆಲಸ ಎಂದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ಮುಂದೆ ಅವಳು ಮುಟ್ಟಿದ್ದಕ್ಕೆಲ್ಲ ಕೆಂಪು ಹತ್ತಿತು. ಫ್ರಾಕಿಗೆ, ನನ್ನ ಪಂಚೆಗೆ, ಬಸ್ಸಿನ ಕಂಬಿಗೆ. ತನ್ನ ಕೈ ಎಲ್ಲೆಲ್ಲಿ ಹೋಯಿತು ಎಂದು ಅವಳೇ ಹಿಂತಿರುಗಿ ನೋಡಿದಳು. ನನ್ನ ಹತ್ತು ಮಾತು ಮಾಡಲಾಗದ್ದನ್ನು ಆ ಬಣ್ಣ ಮಾಡಿತು. ಈಗ ಅಲ್ಲಿ ಬೆನ್ನ ಕೈ ಕಟ್ಟಿ ನಿಲ್ಲುತ್ತಾಳೆ, ಅಂಗಡಿಯವರು ಹಣೆಗೆ ಒಂದು ಬೊಟ್ಟು ಇಡುತ್ತಾರೆ, ಅವಳು ಕಣ್ಣು ಮುಚ್ಚಿಕೊಂಡು ಇಡಿಸಿಕೊಳ್ಳುತ್ತಾಳೆ.

ಎಲ್ಲ ವಾರವೂ ಹೀಗೆ ನಡೆದಿಲ್ಲ. ಐದನೆಯ ವಾರ ತಿಂಡಿ ತಡವಾಗಿತ್ತು, ಬಸ್ಸಿನಲ್ಲಿಯೇ ತೂಕಡಿಸುತ್ತಿದ್ದಳು. ಒಳಗೆ ಹೋದ ಹತ್ತು ನಿಮಿಷದಲ್ಲಿ ಕೊತ್ತಂಬರಿ ಕಟ್ಟು ಕಿತ್ತು ಎಸೆದು, ನೆಲದ ಮೇಲೆ ಕುಳಿತು ಅತ್ತಳು. ಹಸಿದ ಮಗುವಿಗೆ ಪಾಠ ಹೇಳುವುದು ಸಲ್ಲದು. ಏನನ್ನೂ ಕೊಳ್ಳದೆ ಮನೆಗೆ ಬಂದೆವು.

ಈಗ ಎತ್ತಿಕೊಂಡು ದಾಟಬೇಕಾದ ಎರಡು ಕಡೆಗಳ ವಿಷಯ. ಒಂದು, ವೀಳ್ಯದೆಲೆಯ ಅಂಗಡಿಗಳು. ಮೈಸೂರು ವೀಳ್ಯದೆಲೆ ನಮ್ಮ ಹೆಮ್ಮೆ, ಆದರೆ ಎಲೆಯ ಪಕ್ಕದಲ್ಲಿಯೇ ಸುಣ್ಣ ಇರುತ್ತದೆ. ಸುಣ್ಣದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಮಗುವಿನ ಮುಷ್ಟಿಗೆ ಸರಿಯಾಗಿ ಹೊಂದುತ್ತದೆ. ಮುಷ್ಟಿ ಬಿಗಿದರೆ ಒಡೆದು ಮುಖಕ್ಕೇ ಚಿಮ್ಮುತ್ತದೆ. ಸುಣ್ಣ ಪ್ರಬಲ ಕ್ಷಾರ. ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನೇ ಸುಡುತ್ತದೆ, ದೃಷ್ಟಿ ಹೋಗಬಹುದು. ಬಿದ್ದ ಕ್ಷಣವೇ, ಉಜ್ಜದೆ, ಶುದ್ಧ ನೀರನ್ನು ಕಡಿಮೆಯೆಂದರೂ 15 ನಿಮಿಷ ಸತತವಾಗಿ ಸುರಿಯುತ್ತಾ ತೊಳೆಯಬೇಕು, ಆಮೇಲೆ ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಕಾರ್ಯಾಗಾರದಲ್ಲಿ ಕ್ಷಾರದ ತೊಟ್ಟಿಗಳ ಪಕ್ಕದಲ್ಲಿ ದುಡಿದವನಾಗಿ ಹೇಳುತ್ತೇನೆ, ಇದಕ್ಕಾಗಿಯೇ ಒಂದು ಲೀಟರ್ ನೀರಿನ ಬಾಟಲಿಯನ್ನು ಚೀಲದಲ್ಲಿ ಇಟ್ಟುಕೊಂಡಿರಿ. ಮಿಕ್ಕ ನೀರನ್ನು ಅಂಗಡಿಯವರೇ ಕೊಡುತ್ತಾರೆ, ಮೊದಲ ನಿಮಿಷದ ನೀರು ನಿಮ್ಮ ಬಳಿ ಇರಬೇಕು.

ಇನ್ನೊಂದು, ಗ್ರಂಧಿಗೆ ಅಂಗಡಿಗಳು. ಕರ್ಪೂರ ಮತ್ತು ಕಲ್ಲುಸಕ್ಕರೆ ಒಂದೇ ಸಾಲಿನಲ್ಲಿ ಇರುತ್ತವೆ, ಎರಡೂ ಬಿಳಿ, ಎರಡೂ ಹೊಳೆಯುತ್ತವೆ. ಕಲ್ಲುಸಕ್ಕರೆಯ ರುಚಿ ಕಂಡ ಮಗು ಕರ್ಪೂರವನ್ನು ಬಾಯಿಗೆ ಹಾಕದೆ ಇರುವುದಿಲ್ಲ. ಸ್ವಲ್ಪವೇ ನುಂಗಿದರೂ ಸಣ್ಣ ಮಕ್ಕಳಿಗೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನುಂಗಿದೆ ಎಂದು ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ಆಸ್ಪತ್ರೆಗೆ ಓಡಬೇಕು. ಇಲ್ಲಿ ಒಂದು ಬೆರಳಿನ ಪಾಠವೂ ಬೇಡ, ಬೆನ್ನ ಕೈ ಪಾಠವೂ ಬೇಡ. ಕಲಿಸಬಹುದಾದದ್ದನ್ನು ಕಲಿಸಬೇಕು, ಒಂದೇ ಒಂದು ಸಲವೂ ತಪ್ಪಬಾರದ ಕಡೆ ಮಗುವನ್ನು ನಂಬಿಕೊಳ್ಳದೆ ನಾವೇ ಎತ್ತಿಕೊಳ್ಳಬೇಕು.

ಪ್ರೀತಿಯಿಂದ ಮಗುವಿನ ಕೈಗೆ ಕಡಲೆಕಾಯಿ ಬೀಜ ಹಾಕುವವರು ಸಿಗುತ್ತಾರೆ. ಬೇಡವೆನ್ನಲು ಮನಸ್ಸು ಬಾರದು, ಆದರೆ ನಾಲ್ಕು ವರ್ಷದೊಳಗಿನವರಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ. ‘ಅಜ್ಜಿ ಅರೆದು ಕೊಡುತ್ತಾಳೆ’ ಎಂದು ಮಗುವಿನ ಎದುರಿಗೇ ನನ್ನ ಜೇಬಿಗೆ ಹಾಕಿಕೊಳ್ಳುತ್ತೇನೆ, ಮನೆಯಲ್ಲಿ ತಪ್ಪದೆ ಅರೆಸಿ ಕೊಡುತ್ತೇನೆ. ಕೊಡದಿದ್ದರೆ ಮುಂದಿನ ವಾರ ಅವಳು ನನ್ನ ಮಾತು ನಂಬಬೇಕಾಗಿಲ್ಲ.

ಹೋಗುವವರು ವಾರದ ನಡುವಿನ ದಿನ, ಬೆಳಿಗ್ಗೆ ತಿಂಡಿ ಮುಗಿಸಿದ ಮೇಲೆ ಹೋಗಿ. ವರಮಹಾಲಕ್ಷ್ಮಿ ಹಬ್ಬ, ಆಯುಧ ಪೂಜೆಯ ಹಿಂದಿನ ದಿನಗಳಲ್ಲಿ ಬೇಡವೇ ಬೇಡ, ಕಾಲಿಡಲು ಜಾಗವಿರುವುದಿಲ್ಲ. ಮುಕ್ಕಾಲು ಗಂಟೆ ಸಾಕು. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆಯ ಕಡೆಯ ಬಾಗಿಲಿನ ಭಾಗ ಕುಸಿದಾಗಿನಿಂದ ಕಟ್ಟಡವನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ನಡೆಯುತ್ತಲೇ ಬಂದಿದೆ. ಏನೇ ಮಾಡಿದರೂ ಈ ತಗ್ಗು ಕಟ್ಟೆಗಳನ್ನು, ಕಟ್ಟೆಯ ಮೇಲೆ ಕುಳಿತ ಮನುಷ್ಯರನ್ನು ಹೀಗೆಯೇ ಇರಲು ಬಿಡಲಿ ಎಂಬುದು ನನ್ನ ಮನಸ್ಸಿನ ಆಸೆ. ಮಗುವಿನ ಕಣ್ಣೂ ಮಾರುವವರ ಕಣ್ಣೂ ಒಂದೇ ಎತ್ತರದಲ್ಲಿ ಸೇರುವ ಅಂಗಡಿಗಳು ಬೇರೆಲ್ಲಿಯೂ ನನಗೆ ಸಿಕ್ಕಿಲ್ಲ.

ಕಳೆದ ಬುಧವಾರ ಒಂದು ಗ್ರಂಧಿಗೆ ಅಂಗಡಿಯವರಿಗೆ, ಕೆಳಗಿನ ಸಾಲಿನ ಕರ್ಪೂರದ ಪೊಟ್ಟಣಗಳನ್ನು ಮೇಲಕ್ಕೆ ಇಡುತ್ತೀರಾ ಎಂದು ಕಾರಣ ಹೇಳಿ ಕೇಳಿದೆ. ಅವರು ಆಗಲೇ ಎದ್ದು ಮೇಲಿನ ಹಲಗೆಗೆ ಸಾಗಿಸಿದರು, ಅಲ್ಲಿದ್ದ ಅಗರಬತ್ತಿಯನ್ನು ಕೆಳಗಿಳಿಸಿದರು. ಪಕ್ಕದ ಅಂಗಡಿಯವರನ್ನು ಈ ಬುಧವಾರ ಕೇಳುತ್ತೇನೆ.